ಚೌಕಟ್ಟಿನ ಸಾಕ್ಷ್ಯ: ಹಳೆಯ ಟ್ರಕ್ಕುಗಳ ಎಂಜಿನ್ ಬದಲಾವಣೆಯ ಚರಿತ್ರೆಯನ್ನು ಕುರಿತು

೧

ಶಾಸನಗಳನ್ನು ಅಭ್ಯಸಿಸುವವರಿಗೆ ಒಂದು ಸಂಗತಿ ವಿದಿತವೇ ಇದೆ. ಒಂದೇ ಶಿಲೆಯ ಮೇಲೆ ಎರಡು ಕಾಲದ ಬರವಣಿಗೆ ಇರುವುದುಂಟು. ಮೊದಲಿನ ಅಕ್ಷರಗಳನ್ನು ಕೆತ್ತಿಹಾಕಿ ಆ ಸ್ಥಳದಲ್ಲಿ ಹೊಸದನ್ನು ಬರೆಯಿಸಿರುವುದುಂಟು. ದಾನವನ್ನು ಹೇಳುವ ಕಲ್ಲು ಮುಂದೆ ಯಾವುದೋ ಗುಡಿಯ ಮೆಟ್ಟಿಲಾಗಿರುವುದೂ ಉಂಟು. ಅಂಥ ಕಲ್ಲನ್ನು ಕೆಟ್ಟುಹೋದುದೆಂದು ಚರಿತ್ರಕಾರನು ಕಡೆಗಣಿಸುವುದಿಲ್ಲ. ಅಳಿಸಿದವರು ಯಾರು, ಏತಕ್ಕಾಗಿ ಅಳಿಸಿದರು ಎಂಬ ಪ್ರಶ್ನೆಯೇ ಅವನಿಗೆ ಹೊಸ ಅಧ್ಯಾಯವೊಂದನ್ನು ತೆರೆಯುತ್ತದೆ.

ಯಂತ್ರಗಳ ವಿಷಯದಲ್ಲಿ ಮಾತ್ರ ಈ ವಿವೇಕವನ್ನು ನಾವು ಮರೆಯುವಂತೆ ತೋರುತ್ತದೆ. ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಉಳಿದ ವಾಹನವೇ ಆಧಾರ, ಉಳಿದುದೆಲ್ಲ ಅಪಭ್ರಂಶ ಎಂಬ ಭಾವನೆ ವಸ್ತುಸಂಗ್ರಹಾಲಯಗಳಲ್ಲಿ ಬಹುಕಾಲ ಬಲವಾಗಿತ್ತು. ಇಂದಿಗೂ ಅದು ಪೂರ್ತಿ ಹೋಗಿಲ್ಲ. ಆದರೆ ಅರ್ಧ ಶತಮಾನ ದುಡಿದ ವಾಹನವು ಕಾರ್ಖಾನೆಯಲ್ಲಿದ್ದುದು ಕೆಲವೇ ದಿನ; ಉಳಿದ ಆಯುಷ್ಯವೆಲ್ಲ ರೈತನ, ಕಮ್ಮಾರನ, ಮೆಕ್ಯಾನಿಕ್ಕನ ಕೈಯಲ್ಲಿ ಕಳೆದುದು. ಆ ಆಯುಷ್ಯದ ದಾಖಲೆ ಎಲ್ಲಿದೆ?

ಪ್ರಕೃತ ಲೇಖನದಲ್ಲಿ ನಾವು ಈ ಪ್ರಶ್ನೆಯನ್ನು ಒಂದು ನಿದರ್ಶನದ ಮೂಲಕ ವಿಚಾರಿಸಬೇಕೆಂದಿದ್ದೇವೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೪೭ರಿಂದ ೧೯೫೫ರ ಮೊದಲ ತಿಂಗಳುಗಳವರೆಗೆ ತಯಾರಾದ ಷೆವರ್ಲೆ ಅರ್ಧ ಟನ್ನಿನ ಟ್ರಕ್ಕೇ ಆ ನಿದರ್ಶನ. ಅದರ ಮೂಲ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ತೆಗೆದು ಬೇರೆಯವನ್ನು ಕೂಡಿಸುವ ಪದ್ಧತಿ ಹೇಗೆ ಬೆಳೆಯಿತು, ಅದಕ್ಕಾಗಿ ಚೌಕಟ್ಟನ್ನು ಹೇಗೆ ಮಾರ್ಪಡಿಸಬೇಕಾಯಿತು, ಆ ಮಾರ್ಪಾಟಿನಿಂದ ಚರಿತ್ರಕಾರನಿಗೆ ದೊರೆಯುವುದೇನು, ಕಳೆದುಹೋಗುವುದೇನು ಎಂಬುದನ್ನು ಕ್ರಮವಾಗಿ ನೋಡೋಣ.

೨

ಟ್ರಕ್ಕಿನ ಚೌಕಟ್ಟು ಸ್ಥೂಲವಾಗಿ ಏಣಿಯನ್ನು ಹೋಲುತ್ತದೆ. ಎರಡು ಉದ್ದತೊಲೆಗಳು, ಅವನ್ನು ಕೂಡಿಸುವ ಹಲವು ಅಡ್ಡತೊಲೆಗಳು. ಉದ್ದತೊಲೆಯನ್ನು ಉಕ್ಕಿನ ತಗಡಿನಿಂದ ಒತ್ತಿ, ಒಂದು ಪಕ್ಕ ತೆರೆದ ದೋಣಿಯ ಆಕಾರಕ್ಕೆ ತಂದಿರುತ್ತಾರೆ. ಅದರ ನೆಟ್ಟಗಿನ ಭಾಗವನ್ನು ನಾವು ಗೋಡೆಯೆಂದೂ ಮೇಲೆ ಕೆಳಗೆ ಚಾಚಿರುವ ಭಾಗಗಳನ್ನು ಅಂಚುಗಳೆಂದೂ ಕರೆಯೋಣ. ತೊಲೆಗಳನ್ನು ಕೂಡಿಸುವುದು ಬಹುಮಟ್ಟಿಗೆ ರಿವೆಟ್ಟುಗಳಿಂದ.

ಈ ಚೌಕಟ್ಟು ಅಗ್ಗವಾಗಿ ಅಪಾರ ಸಂಖ್ಯೆಯಲ್ಲಿ ದೊರೆಯುವಂತಾದುದು ಇಪ್ಪತ್ತನೆಯ ಶತಮಾನದ ಮೊದಲ ಪಾದದಲ್ಲಿ. ಮಿಲ್‌ವಾಕಿ ನಗರದ ಎ. ಒ. ಸ್ಮಿತ್ ಸಂಸ್ಥೆಯು ೧೯೨೧ರಲ್ಲಿ ಆರಂಭಿಸಿದ ಸ್ವಯಂಚಾಲಿತ ಕಾರ್ಖಾನೆ ದಿನಕ್ಕೆ ಸುಮಾರು ೧೦,೦೦೦ ಚೌಕಟ್ಟುಗಳನ್ನು ತಯಾರಿಸಬಲ್ಲುದಾಗಿತ್ತು. ೧೯೫೮ರವರೆಗೆ ಅದು ನಡೆಯಿತು. ಆದರೆ ಚೌಕಟ್ಟನ್ನು ಮಾರ್ಪಡಿಸುವ ಕೆಲಸ ಇದಕ್ಕಿಂತಲೂ ಹಳೆಯದು. ೧೯೦೮ರಲ್ಲಿ ಬಂದ ಫೋರ್ಡ್ ಟಿ ಮಾದರಿಯ ಕಾರಿನ ಚೌಕಟ್ಟಿಗೆ ಹಿಂದೆ ಇನ್ನೊಂದು ಚೌಕಟ್ಟನ್ನು ಜೋಡಿಸಿ ಅದನ್ನು ಟ್ರಕ್ಕಾಗಿ ಮಾಡುವ ಸಾಮಗ್ರಿಗಳನ್ನು ಬೇರೆಯವರು ಮಾರುತ್ತಿದ್ದರು. ಫೋರ್ಡ್ ಸಂಸ್ಥೆ ತಾನೇ ಒಂದು ಟನ್ನಿನ ಟಿ.ಟಿ. ಮಾದರಿಯ ಚಾಸಿಯನ್ನು ಹೊರತಂದುದು ೧೯೧೭ರಲ್ಲಿ. ಕಾರಿನ ಚಕ್ರಾಂತರ ೧೦೦ ಅಂಗುಲವಿದ್ದರೆ ಇದರದು ಸುಮಾರು ೧೨೪ ಅಂಗುಲ. ಅಂದರೆ ಬಳಸುವವರು ಮೊದಲು ಮಾಡಿದುದನ್ನು ತಯಾರಕರು ಆಮೇಲೆ ಮಾಡಿದರು. ಈ ಕ್ರಮವನ್ನು ನಾವು ಮುಂದೆಯೂ ಕಾಣುವೆವು.

ಗ್ರಾಮಾಂತರ ಅಮೆರಿಕದಲ್ಲಿ ರೈತರು ಕಾರಿನ ಹಿಂದಿನ ಚಕ್ರವನ್ನು ಮೇಲೆತ್ತಿ ಅದಕ್ಕೆ ಪಟ್ಟಿ ಹಾಕಿ ಯಂತ್ರಗಳನ್ನು ನಡೆಸುತ್ತಿದ್ದರೆಂಬುದನ್ನು ರೊನಾಲ್ಡ್ ಕ್ಲೈನ್ ಮತ್ತು ಟ್ರೆವರ್ ಪಿಂಚ್ ಎಂಬ ವಿದ್ವಾಂಸರು ೧೯೯೬ರ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದಾರೆ. ವಾಹನವೆಂದರೇನೆಂಬುದನ್ನು ನಿರ್ಣಯಿಸುವಲ್ಲಿ ಬಳಸುವವನಿಗೂ ಪಾಲುಂಟೆಂಬುದು ಅವರ ಅಭಿಪ್ರಾಯ. ಎಂಜಿನ್ ಬದಲಾವಣೆಯ ಚರಿತ್ರೆಯನ್ನು ಈ ಅಭಿಪ್ರಾಯದ ಬೆಳಕಿನಲ್ಲಿಯೇ ನೋಡಬೇಕು.

೩

ಷೆವರ್ಲೆ ಸಂಸ್ಥೆ ಯುದ್ಧಾನಂತರದ ತನ್ನ ಹೊಸ ಟ್ರಕ್ಕುಗಳನ್ನು ೧೯೪೭ರ ಬೇಸಗೆಯಲ್ಲಿ ಹೊರತಂದಿತು. ಅರ್ಧ ಟನ್ನಿನ ಮಾದರಿಯ ಚಕ್ರಾಂತರ ೧೧೬ ಅಂಗುಲ. ಎಂಜಿನ್ನು ಸಾಲಾಗಿ ಆರು ಸಿಲಿಂಡರುಗಳುಳ್ಳದ್ದು. ಗಾತ್ರ ೨೧೬ ಘನ ಅಂಗುಲ, ಶಕ್ತಿ ೯೦ ಅಶ್ವಬಲ. ೧೯೫೪ರಲ್ಲಿ ಅದರ ಸ್ಥಾನಕ್ಕೆ ೨೩೫ ಘನ ಅಂಗುಲದ ಎಂಜಿನ್ನು ಬಂದಿತು. ಇವು ನಿಧಾನವಾಗಿ, ದೀರ್ಘಕಾಲ ದುಡಿಯುವ ಎಂಜಿನ್ನುಗಳು. ಹಿಂದಿನ ಆಕ್ಸಲಿನ ಹಲ್ಲುಗಳ ಪ್ರಮಾಣ ೪.೧೧, ಎಂದರೆ ಚಕ್ರ ಒಂದು ಸುತ್ತು ತಿರುಗಲು ಶಾಫ್ಟು ನಾಲ್ಕು ಸುತ್ತಿಗೂ ತುಸು ಹೆಚ್ಚು ತಿರುಗಬೇಕು. ಹೊಲದ ದಾರಿಯಲ್ಲಿ ಹೊರೆ ಎಳೆಯಲು ಇದು ತಕ್ಕುದು. ಹೆದ್ದಾರಿಯ ವೇಗಕ್ಕೆ ತಕ್ಕುದಲ್ಲ.

ಈ ಟ್ರಕ್ಕಿನ ರಚನೆಯಲ್ಲಿ ಒಂದು ವಿಶೇಷವನ್ನು ಇಲ್ಲಿ ಹೇಳಲೇಬೇಕು. ಮುಂದಿನ ಕಥೆಯೆಲ್ಲ ಅದನ್ನು ಅವಲಂಬಿಸಿದೆ. ಅರ್ಧ ಟನ್ನಿನ ಮಾದರಿಯಲ್ಲಿ ಪ್ರೊಪೆಲ್ಲರ್ ಶಾಫ್ಟು ಬಯಲಿಗೆ ಕಾಣುತ್ತಿರಲಿಲ್ಲ; ಉಕ್ಕಿನ ಕೊಳವೆಯೊಂದರೊಳಗೆ ಅಡಗಿತ್ತು. ಕೊಳವೆಯ ಹಿಂತುದಿ ಆಕ್ಸಲಿಗೂ ಮುಂತುದಿ ಗೇರ್‌ಬಾಕ್ಸಿಗೂ ಬಿಗಿಯಲ್ಪಟ್ಟಿತ್ತು. ಹಿಂದಿನ ಚಕ್ರಗಳು ವಾಹನವನ್ನು ಮುಂದೂಡುವ ಬಲ ಆ ಕೊಳವೆಯ ಮೂಲಕ ಗೇರ್‌ಬಾಕ್ಸಿಗೆ ಬಂದು, ಅಲ್ಲಿಂದ ಕ್ಲಚ್ಚಿನ ಪೆಟ್ಟಿಗೆಯ ಎರಡು ಪಕ್ಕದ ಆಧಾರಗಳಿಗೆ ಸಂದು, ಅವು ಕುಳಿತಿದ್ದ ಅಡ್ಡತೊಲೆಯ ಮೂಲಕ ಚೌಕಟ್ಟನ್ನು ಸೇರುತ್ತಿತ್ತು. ಆದುದರಿಂದ ಆ ಅಡ್ಡತೊಲೆ ಕೇವಲ ಎಂಜಿನ್ನಿನ ಭಾರವನ್ನು ಹೊರುತ್ತಿರಲಿಲ್ಲ. ಇಡೀ ವಾಹನವನ್ನು ತಳ್ಳುವ ಬಲ ಅದರ ಮೇಲೆ ಬೀಳುತ್ತಿತ್ತು. ಗೇರ್‌ಬಾಕ್ಸನ್ನು ಬದಲಾಯಿಸಿದವನು, ತಿಳಿದೋ ತಿಳಿಯದೆಯೋ, ಆ ಬಲದ ಹಾದಿಯನ್ನೇ ಬದಲಾಯಿಸಿದಂತಾಯಿತು.

೪

ಬದಲಾವಣೆಯ ಕಾರಣಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಸಾಮಗ್ರಿಯ ಲಭ್ಯತೆ. ಫೋರ್ಡ್ ಸಂಸ್ಥೆಯು ೧೯೩೨ರಲ್ಲಿ ಸಾಮಾನ್ಯರ ಕೈಗೆಟುಕುವ ಬೆಲೆಗೆ ಎಂಟು ಸಿಲಿಂಡರುಗಳ ವಿ ಆಕಾರದ ಎಂಜಿನ್ನನ್ನು ಕೊಟ್ಟಿತು. ೨೨೧ ಘನ ಅಂಗುಲ, ೬೫ ಅಶ್ವಬಲ. ಅಪಘಾತಕ್ಕೀಡಾದ ಕಾರುಗಳಿಂದ ತೆಗೆದ ಇಂಥ ಎಂಜಿನ್ನುಗಳನ್ನು ಹಳೆಯ ಹಗುರ ಚೌಕಟ್ಟುಗಳಿಗೆ ಕೂಡಿಸುವ ತರುಣರ ಗುಂಪುಗಳು ಕ್ಯಾಲಿಫೋರ್ನಿಯದಲ್ಲಿ ಬೆಳೆದವು. ೧೯೪೮ರ ಜನವರಿಯಲ್ಲಿ 'ಹಾಟ್ ರಾಡ್' ಪತ್ರಿಕೆ ಹೊರಟ ಮೇಲೆ, ಬಾಯಿಂದ ಬಾಯಿಗೆ ಹರಿಯುತ್ತಿದ್ದ ಈ ವಿದ್ಯೆ ಅಚ್ಚಿಗೆ ಬಂದಿತು. ಗುಜರಿ ಅಂಗಳಗಳು ಈ ಕಸಬಿಗೆ ಎಷ್ಟು ಮುಖ್ಯವಾಗಿದ್ದುವೆಂಬುದನ್ನು ಡೇವಿಡ್ ಲಕ್ಸ್‌ಕೊ ಅವರು ೨೦೧೬ರ ತಮ್ಮ ಗ್ರಂಥದಲ್ಲಿ ಚರ್ಚಿಸಿದ್ದಾರೆ.

ಷೆವರ್ಲೆ ಸಂಸ್ಥೆಯು ಎಡ್ ಕೋಲ್ ಅವರ ನೇತೃತ್ವದಲ್ಲಿ ಸಿದ್ಧಪಡಿಸಿದ ೨೬೫ ಘನ ಅಂಗುಲದ ಎಂಟು ಸಿಲಿಂಡರಿನ ಎಂಜಿನ್ನು ೧೯೫೫ರ ಮಾದರಿಗಳಲ್ಲಿ ಬಂದುದು ಈ ಚರಿತ್ರೆಯ ದೊಡ್ಡ ತಿರುವು. ಕಾರಿನಲ್ಲಿ ಅದರ ಶಕ್ತಿ ೧೬೨ ಅಶ್ವಬಲ. ಹಳೆಯ ೨೧೬ರ ಶಕ್ತಿಗೆ ಹೋಲಿಸಿದರೆ ಸುಮಾರು ನಾಲ್ಕೈದನೆಯ ಭಾಗದಷ್ಟು ಹೆಚ್ಚು. ಹೀಗಿದ್ದರೂ ಅದು ಆರು ಸಿಲಿಂಡರಿನದಕ್ಕಿಂತ ಹಗುರವೇ ಆಗಿತ್ತು. ಹೆಚ್ಚು ಶಕ್ತಿ, ಕಡಮೆ ತೂಕ. ಹಳೆಯ ಟ್ರಕ್ಕಿನ ಮುಂಭಾಗ ಅದನ್ನು ಹೊರಲಾರದೆಂಬ ಅಂಜಿಕೆಗೆ ಕಾರಣವಿರಲಿಲ್ಲ.

ಎರಡನೆಯ ಕಾರಣ ರಸ್ತೆ. ೧೯೫೬ರ ಹೆದ್ದಾರಿ ಶಾಸನದಿಂದ ರಾಜ್ಯಗಳನ್ನು ಕೂಡಿಸುವ ವೇಗದ ರಸ್ತೆಗಳ ನಿರ್ಮಾಣ ಬಿರುಸಾಯಿತು. ಹೊಲಕ್ಕೂ ಸಂತೆಗೂ ಓಡಾಡಲು ಕಟ್ಟಿದ ವಾಹನ ಆ ರಸ್ತೆಯಲ್ಲಿ ಹಿಂದೆ ಬಿದ್ದಿತು. ಮೂರನೆಯ ಕಾರಣ ಅಭಿರುಚಿ. ದುಡಿಮೆಯಿಂದ ನಿವೃತ್ತವಾದ ಟ್ರಕ್ಕುಗಳು ಕಾಲಕ್ರಮದಲ್ಲಿ ಮೆಚ್ಚಿನ ವಸ್ತುಗಳಾದವು. ಹೊರನೋಟಕ್ಕೆ ಹಳೆಯದು, ಓಟಕ್ಕೆ ಹೊಸದು ಎಂಬುದು ಅನೇಕರ ಬಯಕೆಯಾಯಿತು. ಮೊದಲ ಕಾಲದ ಮಾರ್ಪಾಟು ಅಗತ್ಯದಿಂದಾದುದು, ಕೊನೆಯ ಕಾಲದ್ದು ವಿಲಾಸದಿಂದಾದುದು ಎಂದು ಸ್ಥೂಲವಾಗಿ ಹೇಳಬಹುದಾದರೂ, ಒಂದೇ ಚೌಕಟ್ಟಿನಲ್ಲಿ ಎರಡರ ಗುರುತುಗಳೂ ಸೇರಿರುವುದು ಸಾಧ್ಯವೆಂಬುದನ್ನು ಮರೆಯಲಾಗದು.

೫

ಹೊಸ ಎಂಜಿನ್ನು ಹಳೆಯ ಚೌಕಟ್ಟಿನಲ್ಲಿ ಕೂಡಬೇಕಾದರೆ ಏನೇನು ಆಗಬೇಕು? ಇದನ್ನು ತುಸು ವಿಸ್ತಾರವಾಗಿಯೇ ನೋಡಬೇಕು. ಏಕೆಂದರೆ ಇಲ್ಲಿಯ ಒಂದೊಂದು ಕೆಲಸವೂ ಉಕ್ಕಿನಲ್ಲಿ ಗುರುತನ್ನು ಬಿಡುತ್ತದೆ.

ಮೊದಲು ಸ್ಥಳದ ಪ್ರಶ್ನೆ. ಆರು ಸಿಲಿಂಡರಿನ ಎಂಜಿನ್ನು ಉದ್ದ, ಕಿರಿದು. ವಿ ಎಂಜಿನ್ನು ಗಿಡ್ಡ, ಅಗಲ. ಅದರ ಎಡಪಕ್ಕದ ಹೊಗೆಕೊಳವೆ ಸ್ಟೀರಿಂಗ್ ಪೆಟ್ಟಿಗೆಗೆ ತಗಲುತ್ತದೆ. ಡಿಸ್ಟ್ರಿಬ್ಯೂಟರು ಎಂಜಿನ್ನಿನ ಹಿಂತುದಿಯಲ್ಲಿರುವುದರಿಂದ ಚಾಲಕನ ಮುಂದಿನ ಗೋಡೆಗೆ ತಾಕುತ್ತದೆ. ಎಂಜಿನ್ನನ್ನು ಮುಂದಕ್ಕೆ ಸರಿಸಿದರೆ ಫ್ಯಾನು ರೇಡಿಯೇಟರಿಗೆ ತಾಕುತ್ತದೆ. ಕೆಳಕ್ಕೆ ಇಳಿಸಿದರೆ ಎಣ್ಣೆಯ ತಟ್ಟೆ ಅಡ್ಡತೊಲೆಗೋ ಸ್ಟೀರಿಂಗಿನ ಸಲಾಕೆಗೋ ತಾಕುತ್ತದೆ. ಹೀಗೆ ಎಲ್ಲ ದಿಕ್ಕಿನಿಂದಲೂ ಒತ್ತಿಬರುವ ನಿರ್ಬಂಧಗಳ ನಡುವೆ ಮೆಕ್ಯಾನಿಕ್ಕನು ಒಂದು ಸ್ಥಾನವನ್ನು ಹುಡುಕಬೇಕು.

ಎರಡನೆಯದು ಆಧಾರಗಳ ಪ್ರಶ್ನೆ. ೧೯೫೫ರಿಂದ ೧೯೫೭ರವರೆಗಿನ ಎಂಟು ಸಿಲಿಂಡರಿನ ಷೆವರ್ಲೆ ಎಂಜಿನ್ನಿಗೆ ಮುಂತುದಿಯಲ್ಲಿಯೂ ಕ್ಲಚ್ಚಿನ ಪೆಟ್ಟಿಗೆಯ ಪಕ್ಕಗಳಲ್ಲಿಯೂ ಆಧಾರಗಳಿದ್ದವು. ಇದು ಹಳೆಯ ಟ್ರಕ್ಕಿನ ಏರ್ಪಾಟಿಗೆ ಸಮೀಪವಾದುದು. ಆದ್ದರಿಂದ ಆ ಕಾಲದ ಬದಲಾವಣೆಯಲ್ಲಿ ಹಳೆಯ ಅಡ್ಡತೊಲೆಯನ್ನು ಉಳಿಸಿಕೊಳ್ಳುವುದು ಸಾಧ್ಯವಿತ್ತು. ೧೯೫೮ರಿಂದ ಎಂಜಿನ್ನಿನ ಎರಡು ಪಕ್ಕಗಳಲ್ಲಿ ಆಧಾರದ ಗುಬ್ಬಿಗಳು ಬಂದವು. ಮುಂದೆ ೧೯೬೯ರ ಹೊತ್ತಿಗೆ ಬಂದ ಟರ್ಬೊ ಹೈಡ್ರಮ್ಯಾಟಿಕ್ ೩೫೦ರಂಥ ಸ್ವಯಂಚಾಲಿತ ಗೇರ್‌ಬಾಕ್ಸುಗಳಿಗೆ ಆಧಾರ ಬೇಕಾದುದು ಬಾಲದ ಕಡೆ. ಹಳೆಯ ಅಡ್ಡತೊಲೆ ಅವುಗಳಿಗೆ ಬೇಡವಾಯಿತಷ್ಟೇ ಅಲ್ಲ, ಅಡ್ಡಿಯೂ ಆಯಿತು. ಅದನ್ನು ಕತ್ತರಿಸಿ ತೆಗೆದು, ಹಿಂದೆ ಹೊಸದೊಂದನ್ನು ಕೂಡಿಸುವ ಪದ್ಧತಿ ಬಂದಿತು. ಆದುದರಿಂದ ಚೌಕಟ್ಟೊಂದರಲ್ಲಿ ಮೂಲದ ಅಡ್ಡತೊಲೆ ಉಳಿದಿದೆಯೇ, ಪಕ್ಕದ ಆಧಾರಗಳನ್ನು ಬೆಸೆದಿದ್ದಾರೆಯೇ ಎಂಬುದನ್ನು ನೋಡಿ ಬದಲಾವಣೆಯ ಕಾಲವನ್ನು ಊಹಿಸಬಹುದು. ಲಿಪಿಯ ವಕ್ರಗಳನ್ನು ನೋಡಿ ಶಾಸನದ ಕಾಲವನ್ನು ಊಹಿಸುವ ಕ್ರಮಕ್ಕೆ ಇದು ತೀರ ದೂರವಲ್ಲ. ಆದರೆ ಇದು ಮೇಲಿನ ಮಿತಿಯನ್ನಲ್ಲ, ಕೆಳಗಿನ ಮಿತಿಯನ್ನು ಮಾತ್ರ ಕೊಡುತ್ತದೆ: ೧೯೫೮ರ ಎಂಜಿನ್ನನ್ನು ೧೯೫೮ಕ್ಕೆ ಮೊದಲು ಕೂಡಿಸಿರಲಾರರು, ಆಮೇಲೆ ಎಂದಾದರೂ ಕೂಡಿಸಿರಬಹುದು.

ಮೂರನೆಯದು, ಎಲ್ಲಕ್ಕಿಂತ ಗುರುತರವಾದುದು, ಬಲದ ಪ್ರಶ್ನೆ. ಕೊಳವೆಯ ಏರ್ಪಾಟನ್ನು ತೆಗೆದು ಬಯಲು ಶಾಫ್ಟನ್ನು ಹಾಕಿದರೆ ಹಿಂದಿನ ಆಕ್ಸಲನ್ನೂ ಬದಲಾಯಿಸಬೇಕು. ಆಗ ವಾಹನವನ್ನು ಮುಂದೂಡುವ ಬಲವೂ, ಆಕ್ಸಲು ತಾನೇ ತಿರುಚಿಕೊಳ್ಳದಂತೆ ತಡೆಯುವ ಭಾರವೂ ಹಿಂದಿನ ಪಟ್ಟಿಸ್ಪ್ರಿಂಗುಗಳ ಮೇಲೆ ಬೀಳುತ್ತವೆ. ಅವುಗಳ ಮುಂತುದಿಯ ಕೊಂಡಿಗಳ ಮೂಲಕ ಚೌಕಟ್ಟನ್ನು ಮತ್ತೊಂದು ಸ್ಥಳದಲ್ಲಿ ತಾಕುತ್ತವೆ. ಗೇರ್‌ಬಾಕ್ಸಿನ ಬಾಲವೂ ಆಕ್ಸಲಿನ ಮೂತಿಯೂ ಒಂದಕ್ಕೊಂದು ಸಮಾನಾಂತರವಾಗಿರದಿದ್ದರೆ ಶಾಫ್ಟು ನಡುಗುತ್ತದೆ. ನಡುಕ ದಿನಗಳೆದಂತೆ ರಿವೆಟ್ಟುಗಳನ್ನು ಸಡಿಲಿಸುತ್ತದೆ. ಷೆವರ್ಲೆ ಸಂಸ್ಥೆಯೇ ೧೯೫೫ರ ಮೊದಲ ತಿಂಗಳುಗಳಲ್ಲಿ ಹಳೆಯ ಆಕಾರದ ಅರ್ಧ ಟನ್ನಿನ ಟ್ರಕ್ಕಿಗೆ ಬಯಲು ಶಾಫ್ಟನ್ನು ಕೊಟ್ಟಿತೆಂಬುದು ಗಮನಾರ್ಹ.

ಇನ್ನು ತೂತು ಮತ್ತು ಬೆಸುಗೆಯ ವಿಚಾರ. ತೊಲೆ ಬಾಗಿದಾಗ ಹೆಚ್ಚಿನ ಎಳೆತವೂ ಒತ್ತಡವೂ ಬೀಳುವುದು ಮೇಲಿನ ಕೆಳಗಿನ ಅಂಚುಗಳ ಮೇಲೆ. ಗೋಡೆಯ ನಡುಭಾಗದಲ್ಲಿ ಅವು ಅತ್ಯಲ್ಪ. ಆದ್ದರಿಂದ ಗೋಡೆಯ ನಡುವೆ ಕೊರೆದ ತೂತು ಬಹುಕಾಲ ಅಪಾಯವಿಲ್ಲದೆ ಇರಬಹುದು. ಅಂಚಿನಲ್ಲಿ ಕೊರೆದ ತೂತಿನಿಂದ ಬಿರುಕು ಹೊರಡುತ್ತದೆ. ಅಂಚಿಗೆ ಅಡ್ಡಲಾಗಿ ಹಾಕಿದ ಬೆಸುಗೆಯೂ ಹಾಗೆಯೇ. ಬೆಸುಗೆಯ ಕಾವಿನಿಂದ ಪಕ್ಕದ ಉಕ್ಕಿನ ಗುಣ ಬದಲಾಗಿ ಅಲ್ಲಿಯೇ ಸೀಳು ಕಾಣಿಸಿಕೊಳ್ಳುತ್ತದೆ. ಅಮೆರಿಕದ ಸರ್ಕಾರವು ವಾಣಿಜ್ಯ ವಾಹನಗಳಿಗೆ ವಿಧಿಸಿರುವ ನಿಯಮಗಳು, ತಯಾರಕರು ಹೇಳಿದಂತಲ್ಲದೆ ಚೌಕಟ್ಟಿಗೆ ಏನನ್ನೂ ಬೆಸೆಯಕೂಡದೆಂದೂ ಅಂಚುಗಳಲ್ಲಿ ತೂತು ಕೊರೆಯಕೂಡದೆಂದೂ ಸ್ಪಷ್ಟವಾಗಿ ಹೇಳುತ್ತವೆ.

ತೆರೆದ ದೋಣಿಯಾಕಾರದ ತೊಲೆ ತಿರುಚಿಗೆ ಸುಲಭವಾಗಿ ಬಗ್ಗುತ್ತದೆ. ಇದು ದೋಷವಲ್ಲ; ಹಳ್ಳಕೊಳ್ಳದ ದಾರಿಯಲ್ಲಿ ಚೌಕಟ್ಟು ತುಸು ಬಳುಕಲೆಂದೇ ಹಾಗೆ ಮಾಡಿದ್ದರು. ಪ್ರಬಲವಾದ ಎಂಜಿನ್ನನ್ನು ಕೂಡಿಸುವವರು ತೆರೆದ ಪಕ್ಕವನ್ನು ತಗಡಿನಿಂದ ಮುಚ್ಚಿ ಬೆಸೆದು ತೊಲೆಯನ್ನು ಪೆಟ್ಟಿಗೆಯಂತೆ ಮಾಡುತ್ತಾರೆ. ಅದರಿಂದ ಗಟ್ಟಿತನ ಬಹಳ ಹೆಚ್ಚುತ್ತದೆ. ಆದರೆ ಮುಚ್ಚಿದ ಭಾಗ ಎಲ್ಲಿ ಮುಗಿಯುತ್ತದೆಯೋ ಅಲ್ಲಿ, ಗಟ್ಟಿಗೂ ಮೆತುವಿಗೂ ನಡುವಣ ಗಡಿಯಲ್ಲಿ, ಆಯಾಸವೆಲ್ಲ ಒಟ್ಟುಗೂಡುತ್ತದೆ. ಬಲ್ಲವರು ತಗಡಿನ ತುದಿಯನ್ನು ಓರೆಯಾಗಿ ಕತ್ತರಿಸಿ ಈ ಗಡಿಯನ್ನು ಮೃದುಮಾಡುತ್ತಾರೆ. ಅರಿಯದವರು ನೆಟ್ಟಗೆ ಕತ್ತರಿಸಿ ಬಿರುಕಿಗೆ ದಾರಿಮಾಡಿಕೊಡುತ್ತಾರೆ. ಹಳೆಯ ಅಡ್ಡತೊಲೆಯನ್ನು ತೆಗೆಯುವ ಮೊದಲು ಹೊಸದನ್ನು ಕೂಡಿಸದಿದ್ದರೆ ಉದ್ದತೊಲೆಗಳು ತಮ್ಮ ಸ್ಥಾನದಿಂದ ಸರಿಯುವ ಅಪಾಯವೂ ಉಂಟು. ಈ ಟ್ರಕ್ಕಿನಲ್ಲಿ ಬ್ರೇಕಿನ ಪೆಡಲೂ ಅದರ ಮಾಸ್ಟರ್ ಸಿಲಿಂಡರೂ ನೆಲದ ಕೆಳಗೆ ಇದ್ದುದರಿಂದ, ಗೇರ್‌ಬಾಕ್ಸಿನ ಸುತ್ತಮುತ್ತ ಮಾಡಿದ ಕೆಲಸ ಬ್ರೇಕಿನ ಮೇಲೂ ಪರಿಣಾಮ ಮಾಡಬಹುದು. ಇಲ್ಲಿ ತಪ್ಪಿಗೆ ತೆರಬೇಕಾದ ಬೆಲೆ ಪ್ರಾಣವೇ.

೬

ಮುಂದಿನ ಬೆಳವಣಿಗೆಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ೧೯೭೪ರಿಂದ ೧೯೭೮ರವರೆಗೆ ತಯಾರಾದ ಫೋರ್ಡ್ ಮಸ್ಟಾಂಗ್ ಎರಡನೆಯ ಮಾದರಿಯ ಮುಂದಿನ ಅಡ್ಡತೊಲೆ ಮತ್ತು ಸಸ್ಪೆನ್ಷನ್ನಿನ ರಚನೆ ಹಳೆಯ ಟ್ರಕ್ಕುಗಳ ಇಡಿಯ ಆಕ್ಸಲಿನ ಸ್ಥಾನವನ್ನು ಆಕ್ರಮಿಸಿತು. ೧೯೮೨ರ ಮಾದರಿಗಳಲ್ಲಿ ಬಂದ ೭೦೦ ಆರ್ ೪ ಎಂಬ ಗೇರ್‌ಬಾಕ್ಸಿನ ನಾಲ್ಕನೆಯ ಗೇರಿನ ಪ್ರಮಾಣ ೦.೭೦, ೪.೧೧ರ ಆಕ್ಸಲಿನೊಡನೆ ಅದನ್ನು ಗುಣಿಸಿದರೆ ಸುಮಾರು ೨.೮೮ ಆಗುತ್ತದೆ. ಹೆದ್ದಾರಿಯ ಹಳೆಯ ಸಮಸ್ಯೆಗೆ ಇದೊಂದು ಪರಿಹಾರ. ೧೯೯೭ರ ಮಾದರಿಯ ಕಾರ್ವೆಟ್ ಕಾರಿನೊಡನೆ ಬಂದ ಎಲ್.ಎಸ್. ಕುಲದ ಎಂಜಿನ್ನುಗಳೂ ೧೯೯೯ರಿಂದ ಟ್ರಕ್ಕುಗಳಲ್ಲಿ ಬಂದ ಅವುಗಳ ಸಹೋದರ ಎಂಜಿನ್ನುಗಳೂ ಇಂದು ಬದಲಾವಣೆಗೆ ಬಹಳವಾಗಿ ಬಳಕೆಯಲ್ಲಿವೆ. ಅವುಗಳಿಗೆ ಡಿಸ್ಟ್ರಿಬ್ಯೂಟರೇ ಇಲ್ಲ. ಆದ್ದರಿಂದ ಚಾಲಕನ ಮುಂದಿನ ಗೋಡೆಯ ತೊಡಕು ಕಡಮೆಯಾಯಿತು, ಆದರೆ ವಿದ್ಯುತ್ತಂತಿಗಳ ತೊಡಕು ಹೆಚ್ಚಿತು.

ಗುರುತಿನ ಸಮಸ್ಯೆಯೊಂದು ಇದರೊಡನೆ ಹೆಣೆದುಕೊಂಡಿದೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಮೊದಮೊದಲು ವಾಹನದ ಒಡೆತನದ ಪತ್ರದಲ್ಲಿ ದಾಖಲಾಗುತ್ತಿದ್ದುದು ಎಂಜಿನ್ನಿನ ಸಂಖ್ಯೆ. ಎಂಜಿನ್ನು ಹೋದರೆ ವಾಹನದ ಹೆಸರೇ ಹೋದಂತಾಗುತ್ತಿತ್ತು. ಹದಿನೇಳು ಅಕ್ಷರಾಂಕಗಳ ಏಕರೂಪದ ಸಂಖ್ಯೆ ಕಡ್ಡಾಯವಾದುದು ೧೯೮೧ರ ಮಾದರಿಗಳಿಂದ. ಅದಕ್ಕೆ ಹಿಂದಿನ ವಾಹನಗಳ ಕಾಗದಪತ್ರಗಳನ್ನು ಬಳಸುವ ಸಂಶೋಧಕನು, ಪತ್ರ ಹೇಳುವ ಸಂಖ್ಯೆಯೂ ತನ್ನ ಮುಂದಿರುವ ಉಕ್ಕೂ ಒಂದೇ ವಾಹನದ್ದೆಂದು ಸುಲಭವಾಗಿ ನಂಬಬಾರದು.

೭

ಈ ವಿಷಯ ನಮಗೆ ತೀರ ಪರಕೀಯವೇನೂ ಅಲ್ಲ. ಜನರಲ್ ಮೋಟಾರ್ಸ್ ಸಂಸ್ಥೆಯು ೧೯೨೮ರಿಂದ ೧೯೫೪ರವರೆಗೆ ಮುಂಬಯಿಯಲ್ಲಿ ಷೆವರ್ಲೆ ವಾಹನಗಳನ್ನು ಜೋಡಿಸುತ್ತಿತ್ತು. ಯುದ್ಧಕಾಲದಲ್ಲಿ ಪೆಟ್ರೋಲಿಗೆ ಅಭಾವ ಬಂದಾಗ ನಮ್ಮ ಬಸ್ಸುಗಳಿಗೆ ಇದ್ದಿಲಿನ ಅನಿಲದ ಒಲೆಗಳನ್ನು ತಗಲಿಸಿದುದು ಹಿರಿಯರ ನೆನಪಿನಲ್ಲಿ ಬಹುಕಾಲ ಉಳಿದಿತ್ತು. ಸ್ವಾತಂತ್ರ್ಯಾನಂತರ ಪೆಟ್ರೋಲ್ ಲಾರಿಗಳ ಎಂಜಿನ್ನುಗಳನ್ನು ತೆಗೆದು ಪರ್ಕಿನ್ಸ್ ಪಿ ೬ರಂಥ ಡೀಸೆಲ್ ಎಂಜಿನ್ನುಗಳನ್ನು ಕೂಡಿಸುವ ಪದ್ಧತಿ ದೇಶದಲ್ಲಿ ಬಳಕೆಗೆ ಬಂದಿತು. ಡೀಸೆಲ್ ಎಂಜಿನ್ನಿನ ಭಾರವೂ ಅದರುವಿಕೆಯೂ ಹೆಚ್ಚು. ಚೌಕಟ್ಟಿನ ಪ್ರಶ್ನೆ ಇಲ್ಲಿಯೂ ಎದ್ದಿತೆಂಬುದರಲ್ಲಿ ಸಂಶಯವಿಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣ ಇಂಥ ಮಾರ್ಪಾಟುಗಳಿಗೆ ಕಟ್ಟುಪಾಡನ್ನು ವಿಧಿಸುತ್ತದೆ. ನಮ್ಮ ನೋಂದಣಿ ಪತ್ರಗಳಲ್ಲಿ ಚಾಸಿಯ ಸಂಖ್ಯೆ, ಎಂಜಿನ್ನಿನ ಸಂಖ್ಯೆ ಎರಡೂ ಇರುತ್ತವೆ. ಈ ಪತ್ರಗಳು ಚರಿತ್ರೆಗೆ ಆಧಾರವಾಗಬಲ್ಲುವೆಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು.

೮

ಇಂತಿರುವಲ್ಲಿ ಮೊದಲ ಪ್ರಶ್ನೆಗೆ ಮರಳೋಣ. ಕತ್ತರಿಸಿ ಬೆಸೆದ ಚೌಕಟ್ಟು ಕೆಟ್ಟುಹೋದ ದಾಖಲೆಯೇ, ಹೊಸ ದಾಖಲೆಯೇ?

ನಮ್ಮ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ದುಡಿದು ಸವೆದ ಟ್ರಕ್ಕುಗಳಲ್ಲಿ ಬಹುಪಾಲು ಗುಜರಿಗೆ ಹೋದುವು. ಇಂದು ಉಳಿದಿರುವುವು ಹೆಚ್ಚಾಗಿ ಹವ್ಯಾಸಿಗಳು ಮೆಚ್ಚಿ ಕಾಪಾಡಿದುವು. ಇವುಗಳಿಂದ ದುಡಿಯುವವರ ಚರಿತ್ರೆಯನ್ನು ಬರೆಯುವುದು ಹೇಗೆ ಎಂಬುದು ಮೊದಲನೆಯದು. ಈ ಆಕ್ಷೇಪ ಯುಕ್ತವಾದುದು. ಉಳಿದ ಚೌಕಟ್ಟುಗಳ ಸಾಕ್ಷ್ಯವನ್ನು ಪತ್ರಿಕೆಗಳು, ಕಾರ್ಖಾನೆಯ ಕೈಪಿಡಿಗಳು, ನೋಂದಣಿ ಪತ್ರಗಳು ಇವುಗಳೊಡನೆ ಹೋಲಿಸಿಯೇ ಬಳಸಬೇಕು. ಪ್ರತಿಯೊಂದು ಹೊಸ ಮಾರ್ಪಾಟೂ ಹಿಂದಿನದರ ಗುರುತನ್ನು ಅಳಿಸುತ್ತದೆಯಲ್ಲವೇ ಎಂಬುದು ಎರಡನೆಯದು. ಇದೂ ನಿಜ. ಇಂದು ದೊರೆಯುವ ಸಿದ್ಧಸಾಮಗ್ರಿಗಳಿಂದ ಚೌಕಟ್ಟಿನ ಮುಂಭಾಗವನ್ನೇ ಕತ್ತರಿಸಿ ಬಿಸುಟರೆ, ೧೯೫೦ರ ದಶಕದ ಹಳ್ಳಿಯ ಮೆಕ್ಯಾನಿಕ್ಕನ ಬೆಸುಗೆಯೂ ಅದರೊಡನೆ ಹೋಗುತ್ತದೆ. ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಆ ಬೆಸುಗೆಯೊಂದೇ ಅವನ ಸಹಿ.

ಕಟ್ಟಡಗಳ ಸಂರಕ್ಷಣೆಗೆ ೧೯೬೪ರ ವೆನಿಸ್ ಸನ್ನದು ಹೇಗೋ ಹಾಗೆ ಹಳೆಯ ವಾಹನಗಳ ಸಂರಕ್ಷಣೆಗೆ ಅಂತರರಾಷ್ಟ್ರೀಯ ಒಕ್ಕೂಟವೊಂದು ೨೦೧೨ರಲ್ಲಿ ಟ್ಯೂರಿನ್ ಸನ್ನದನ್ನು ಅಂಗೀಕರಿಸಿತು. ಮಾರ್ಪಾಟು ಅನಿವಾರ್ಯವಾದರೆ ಅದು ಹಿಂದಕ್ಕೆ ತರಬಹುದಾದಂತೆ ಇರಲಿ, ತೆಗೆದ ಮುಖ್ಯ ಭಾಗಗಳನ್ನು ಕಾಪಾಡಿಡಲಿ ಎಂಬುದು ಅದರ ಆಶಯಗಳಲ್ಲೊಂದು. ನಾವು ಇದಕ್ಕೆ ಒಂದು ಮಾತನ್ನು ಸೇರಿಸಬಯಸುತ್ತೇವೆ. ಮೂಲರೂಪಕ್ಕೆ ಮರಳಿಸುವ ಉತ್ಸಾಹದಲ್ಲಿ ಹಳೆಯ ಮಾರ್ಪಾಟುಗಳನ್ನು ಒರೆಸಿಹಾಕುವುದೂ ಒಂದು ಬಗೆಯ ನಾಶವೇ. ಚೌಕಟ್ಟನ್ನು ಮುಟ್ಟುವ ಮೊದಲು ಅದರ ಅಳತೆ, ಛಾಯಾಚಿತ್ರ, ತೂತುಗಳ ನಕ್ಷೆ, ರಿವೆಟ್ಟು ಬೆಸುಗೆಗಳ ವಿವರ ಇವಿಷ್ಟನ್ನಾದರೂ ದಾಖಲಿಸಬೇಕು. ಶಾಸನವನ್ನು ಸ್ಥಳಾಂತರಿಸುವ ಮೊದಲು ಅದರ ಪಡಿಯಚ್ಚನ್ನು ತೆಗೆದುಕೊಳ್ಳುವಂತೆ ಇದೂ ಒಂದು ನಿಯಮವಾಗಬೇಕು.

ಅಂಥ ದಾಖಲೆಯಿಂದ ಎರಡು ಪ್ರಯೋಜನಗಳುಂಟು. ಚರಿತ್ರಕಾರನಿಗೆ ಅನಾಮಧೇಯ ಕೈಗಳ ಕೆಲಸ ಓದಲು ದೊರೆಯುತ್ತದೆ. ಮುಂದೆ ಆ ವಾಹನವನ್ನು ನಡೆಸುವವನಿಗೆ ತನ್ನ ಕಾಲಕೆಳಗಿನ ಉಕ್ಕನ್ನು ಎಲ್ಲಿ ಕತ್ತರಿಸಿದ್ದಾರೆ, ಎಲ್ಲಿ ಕೂಡಿಸಿದ್ದಾರೆ ಎಂಬುದು ತಿಳಿಯುತ್ತದೆ. ಎರಡನೆಯ ಪ್ರಯೋಜನ ಮೊದಲನೆಯದಕ್ಕಿಂತ ಕಡಮೆಯದೆಂದು ನಾವು ಭಾವಿಸುವುದಿಲ್ಲ.